ಅಲೌ ಒತ್ತಿದಾಗ ಹೋಗುವುದು ಯಾರ ನಂಬರು?

ಬ್ಯಾಡಗಿಯ ಮೆಣಸಿನಕಾಯಿ ದಲಾಲಿಯೊಬ್ಬರ ಫೋನ್‌ನಲ್ಲಿ ಹೆಸರುಗಳು ಹೀಗಿರುತ್ತವೆ: ‘ಬಸಣ್ಣ ಕುಂದಗೋಳ ಡಬ್ಬಿ’, ‘ಈರಪ್ಪ ಶಿರಹಟ್ಟಿ ಬಾಕಿ’, ‘ಮೌಲಾ ಲಾರಿ’, ‘ಶುಗರ್ ಡಾಕ್ಟರ್ ಹಾವೇರಿ’. ಒಂದೊಂದು ಊರಿಗೂ ಹತ್ತು ಜನ ಬಸಣ್ಣರಿರುವ ನಮ್ಮ ಕಡೆ ಊರು, ಮಾಲು, ಬಾಕಿ ಸೇರಿಸದಿದ್ದರೆ ಗುರುತೇ ಸಿಗುವುದಿಲ್ಲ. ಮೆಸೇಜಿಂಗ್ ಆ್ಯಪ್ ಹಾಕಿಕೊಂಡ ಮೊದಲ ನಿಮಿಷದಲ್ಲೇ ಬರುವ ಕಾಂಟ್ಯಾಕ್ಟ್ ಪರ್ಮಿಶನ್‌ಗೆ ‘ಅಲೌ’ ಒತ್ತಿದರೆ ಈ ಇಡೀ ಪಟ್ಟಿ ಆ ಆ್ಯಪ್‌ಗೆ ತೆರೆದುಕೊಳ್ಳುತ್ತದೆ. ಹೆಸರು, ನಂಬರು ಅಷ್ಟೇ ಅಲ್ಲ, ಅದೇ ಕಾರ್ಡ್‌ನಲ್ಲಿ ಬರೆದಿಟ್ಟ ವಿಳಾಸ, ಹುಟ್ಟಿದ ದಿನ, ಆ್ಯಂಡ್ರಾಯ್ಡ್‌ನಲ್ಲಾದರೆ ಟಿಪ್ಪಣಿ ಎಲ್ಲವನ್ನೂ ಓದಲು ಬರುತ್ತದೆ. ಅದರಲ್ಲಿ ಎಷ್ಟನ್ನು ತನ್ನ ಸರ್ವರ್‌ಗೆ ಒಯ್ಯಬೇಕೆಂಬುದನ್ನು ಆಯಾ ಕಂಪನಿಯೇ ತೀರ್ಮಾನಿಸುತ್ತದೆ.

ಕ್ಯಾಮೆರಾ, ಮೈಕ್, ಲೊಕೇಶನ್ ಕೊಡುವವರು ತಮ್ಮದನ್ನು ಕೊಡುತ್ತಾರೆ. ಕಾಂಟ್ಯಾಕ್ಟ್ ಕೊಡುವವರು ಬೇರೆಯವರದನ್ನು ಕೊಡುತ್ತಾರೆ. ಕುಂದಗೋಳದ ಬಸಣ್ಣ ಸ್ಮಾರ್ಟ್‌ಫೋನ್ ಇಟ್ಟುಕೊಳ್ಳದೆಯೂ ಇರಬಹುದು, ಅವರ ನಂಬರು ಮಾತ್ರ ಆಗಲೇ ಹೋಗಿರುತ್ತದೆ. ಪರ್ಮಿಶನ್‌ಗಳ ಇಷ್ಟು ವರ್ಷಗಳ ಜಗಳದಲ್ಲಿ ಕೊನೆಯವರೆಗೂ ಬಗೆಹರಿಯದೆ ಉಳಿದದ್ದು ಇದೇ.

2008ರಲ್ಲಿ ಆ್ಯಂಡ್ರಾಯ್ಡ್ ಬಂದಾಗ ಆಯ್ಕೆ ಎಂಬುದೇ ಇರಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಉದ್ದನೆಯ ಪಟ್ಟಿ ಕಾಣಿಸುತ್ತಿತ್ತು. ಎಲ್ಲಕ್ಕೂ ಒಪ್ಪಬೇಕು, ಇಲ್ಲವೇ ಆ್ಯಪ್ ಬಿಡಬೇಕು. ಐಫೋನ್‌ನಲ್ಲಂತೂ ಕಾಂಟ್ಯಾಕ್ಟ್‌ಗೆ ಕೇಳುವ ಪದ್ಧತಿಯೇ ಇರಲಿಲ್ಲ. 2012ರ ಫೆಬ್ರವರಿಯಲ್ಲಿ ಪಾತ್ ಎಂಬ ಆ್ಯಪ್ ಬಳಕೆದಾರರ ಇಡೀ ಅಡ್ರೆಸ್ ಬುಕ್ಕನ್ನು ಹೇಳದೆ ಕೇಳದೆ ತನ್ನ ಸರ್ವರ್‌ಗೆ ಸಾಗಿಸುತ್ತಿದ್ದುದು ಬಯಲಾಯಿತು. ಕಂಪನಿ ಕ್ಷಮೆ ಕೇಳಿತು. ಅದೇ ಸೆಪ್ಟೆಂಬರ್‌ನಲ್ಲಿ ಬಂದ ಐಒಎಸ್ 6ರಿಂದ ಐಫೋನ್ ಕೇಳಲು ಶುರುಮಾಡಿತು. ಆ್ಯಂಡ್ರಾಯ್ಡ್ ಆ ಹಂತಕ್ಕೆ ಬಂದದ್ದು 2015ರ 6ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು, 2014ರಲ್ಲಿ, ಫೇಸ್‌ಬುಕ್ ಚಾಟಿಂಗನ್ನು ಮೂಲ ಆ್ಯಪ್‌ನಿಂದ ಕಿತ್ತು ಮೆಸೆಂಜರ್‌ಗೆ ಸಾಗಿಸಿದಾಗ ಅದರ ಪರ್ಮಿಶನ್ ಪಟ್ಟಿ ನೋಡಿ ಜನ ಗಾಬರಿಯಾಗಿದ್ದರು.

ಗಾಬರಿಗೆ ನಿಜವಾದ ಕಾರಣ ಸಿಕ್ಕಿದ್ದು 2018ರ ಮಾರ್ಚ್‌ನಲ್ಲಿ. ಫೇಸ್‌ಬುಕ್ ಬಳಕೆದಾರರ ಮಾಹಿತಿ ಕೇಂಬ್ರಿಡ್ಜ್ ಅನಾಲಿಟಿಕಾ ಎಂಬ ಚುನಾವಣಾ ಪ್ರಚಾರದ ಕಂಪನಿಯ ಕೈಸೇರಿದ ಸುದ್ದಿಯ ನಂತರ ತಮ್ಮ ಫೇಸ್‌ಬುಕ್ ಡೇಟಾ ಡೌನ್‌ಲೋಡ್ ಮಾಡಿಕೊಂಡ ಆ್ಯಂಡ್ರಾಯ್ಡ್ ಬಳಕೆದಾರರಿಗೆ ಅದರಲ್ಲಿ ಯಾವಾಗ ಯಾರಿಗೆ ಕರೆ ಮಾಡಿದೆವು, ಎಷ್ಟು ಹೊತ್ತು ಮಾತಾಡಿದೆವು ಎಂಬ ವರ್ಷಗಟ್ಟಲೆ ದಾಖಲೆ ಸಿಕ್ಕಿತು. ಬಳಕೆದಾರರೇ ಒಪ್ಪಿ ಕೊಟ್ಟದ್ದು ಎಂದು ಕಂಪನಿ ಹೇಳಿತು. ಆದರೆ ಆ್ಯಂಡ್ರಾಯ್ಡ್ 4.1ಕ್ಕಿಂತ ಮುಂಚೆ ಕಾಂಟ್ಯಾಕ್ಟ್ ಓದುವ ಅನುಮತಿಯ ಹೊಟ್ಟೆಯೊಳಗೇ ಕಾಲ್ ಲಾಗ್, ಅಂದರೆ ಕರೆಗಳ ದಾಖಲೆ ಓದುವ ಅನುಮತಿಯೂ ಇತ್ತು. 2012ರಲ್ಲಿ ಎರಡನ್ನೂ ಬೇರೆ ಮಾಡಿದರೂ, ‘ನಾನು ಹಳೆಯ ಆವೃತ್ತಿಗಾಗಿ ತಯಾರಾದ ಆ್ಯಪ್’ ಎಂದು ಹೇಳಿಕೊಂಡ ಆ್ಯಪ್‌ಗೆ ಹೊಸ ಫೋನ್‌ನಲ್ಲೂ ಹಳೆಯ ನಿಯಮವೇ ಅನ್ವಯವಾಗುತ್ತಿತ್ತು. ಈ ಸಂದಿಯಲ್ಲಿ ಸಂಬಂಧವಿಲ್ಲದ ಎರಡು ಸಂಗತಿಗಳು ಒಂದೇ ಒಪ್ಪಿಗೆಯಲ್ಲಿ ಹೋದವು. 2018ರ ಅಕ್ಟೋಬರ್‌ನಲ್ಲಿ ಗೂಗಲ್, ಎಸ್‌ಎಂಎಸ್ ಮತ್ತು ಕಾಲ್ ಲಾಗ್ ಪರ್ಮಿಶನ್ನು ಮುಖ್ಯವಾಗಿ ಕರೆ, ಮೆಸೇಜಿನ ಡೀಫಾಲ್ಟ್ ಆ್ಯಪ್‌ಗಳಿಗಷ್ಟೇ ಎಂದು ಪ್ಲೇ ಸ್ಟೋರ್‌ನಲ್ಲಿ ಬಿಗಿ ಮಾಡಿತು. ಆ್ಯಂಡ್ರಾಯ್ಡ್‌ನಲ್ಲಿ ಆಮೇಲಿನ ಸುಧಾರಣೆಗಳು ಬೇಗ ಬಂದವು: ಒಂದು ಸಲಕ್ಕೆ ಮಾತ್ರ ಒಪ್ಪಿಗೆ 2020ರಲ್ಲಿ, ಮೈಕ್–ಕ್ಯಾಮೆರಾ ಓಡುವಾಗ ಮೂಲೆಯಲ್ಲಿ ಹಸಿರು ಗುರುತು 2021ರಲ್ಲಿ, ಆರಿಸಿದ ಫೋಟೋ ಮಾತ್ರ ಕೊಡುವ ಸೌಲಭ್ಯ 2023ರಲ್ಲಿ. ಆರಿಸಿದ ಕಾಂಟ್ಯಾಕ್ಟ್ ಮಾತ್ರ ಕೊಡುವ ಅವಕಾಶ ಐಫೋನ್‌ಗೆ ಬಂದದ್ದು 2024ರ ಐಒಎಸ್ 18ರಲ್ಲಿ, ಎಲ್ಲಕ್ಕಿಂತ ತಡವಾಗಿ.

‘ನಾವು ನಂಬರು ಇಟ್ಟುಕೊಳ್ಳುವುದಿಲ್ಲ, ಹ್ಯಾಶ್ ಮಾತ್ರ ಇಟ್ಟುಕೊಳ್ಳುತ್ತೇವೆ’ ಎನ್ನುವ ಮಾತು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಹ್ಯಾಶ್ ಎಂದರೆ ನಂಬರನ್ನು ಗಣಿತದ ಗಿರಣಿಗೆ ಹಾಕಿ ಬೀಸಿದ ಹಿಟ್ಟು. ಹಿಟ್ಟಿನಿಂದ ಕಾಳು ಮಾಡಲು ಬರುವುದಿಲ್ಲ. ಆದರೆ ಭಾರತದ ಮೊಬೈಲ್ ನಂಬರಿಗೆ 10 ಅಂಕಿ, ಮೊದಲನೆಯದು 6ರಿಂದ 9. ಒಟ್ಟು ಸಾಧ್ಯತೆ 400 ಕೋಟಿ. ಅಷ್ಟನ್ನೂ ಒಂದೊಂದಾಗಿ ಅದೇ ಗಿರಣಿಗೆ ಹಾಕಿ ಹೋಲಿಸುವ ಕೆಲಸ ಕಂಪ್ಯೂಟರಿಗೆ ದೊಡ್ಡದಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ಡೇಟಾ ಸಂರಕ್ಷಣಾ ಆಯೋಗ ವಾಟ್ಸ್‌ಆ್ಯಪ್‌ಗೆ 22.5 ಕೋಟಿ ಯೂರೋ ದಂಡ ಹಾಕಿದ ಪ್ರಕರಣದಲ್ಲಿ ಈ ಮಾತೂ ಇತ್ತು: ವಾಟ್ಸ್‌ಆ್ಯಪ್ ಬಳಸದವರ ನಂಬರು ಹ್ಯಾಶ್ ಆದ ಮೇಲೂ ವೈಯಕ್ತಿಕ ಮಾಹಿತಿಯೇ ಎಂದು ಯುರೋಪಿನ ಡೇಟಾ ಸಂರಕ್ಷಣಾ ಮಂಡಳಿ ತೀರ್ಮಾನಿಸಿತು. ಕುಂದಗೋಳದ ಬಸಣ್ಣನಂಥವರ ಪರವಾಗಿ ಬಂದ ತೀರ್ಮಾನವದು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಪ್ರಕರಣಕ್ಕೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 6ನೇ ಕಲಮಿನಲ್ಲಿ ಕೊಟ್ಟ ಉದಾಹರಣೆ ಓದಬೇಕಾದದ್ದು: ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿ, ಬಳಕೆದಾರಳು ಎರಡಕ್ಕೂ ಒಪ್ಪಿದರೂ, ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಆಕೆಯ ಒಪ್ಪಿಗೆ ಚಿಕಿತ್ಸೆಗಷ್ಟೇ ಸೀಮಿತ. ಕಾನೂನು ಬರೆದವರಿಗೆ ರೋಗ ಎಲ್ಲಿದೆಯೆಂದು ಗೊತ್ತಿತ್ತು. ಇದೇ ಕಾಯ್ದೆ, ವ್ಯಕ್ತಿಯೊಬ್ಬರು ಮನೆಯ ಮಟ್ಟಿಗೆ ಬಳಸುವ ಮಾಹಿತಿಗೆ ಅನ್ವಯಿಸುವುದಿಲ್ಲ; ಹಾಗಾಗಿ ಬೇರೆಯವರ ನಂಬರು ಕೊಟ್ಟ ಗೆಳೆಯನನ್ನು ಇದು ಕೇಳುವುದಿಲ್ಲ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಕಾಲ್ ಲಾಗ್, ಫೈಲುಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಕಂತು ತಪ್ಪಿದವರ ಬೀಗರಿಗೆಲ್ಲ ಫೋನ್ ಹೋಗುತ್ತಿದ್ದುದು ಈ ಪಟ್ಟಿಯಿಂದಲೇ.

ಈಗ ಫೋನ್ ಕೈಗೆತ್ತಿಕೊಳ್ಳಿ. ಆ್ಯಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಪರ್ಮಿಶನ್ ಮ್ಯಾನೇಜರ್, ಅಲ್ಲಿ ಕಾಂಟ್ಯಾಕ್ಟ್ಸ್. ಕಂಪನಿಯಿಂದ ಕಂಪನಿಗೆ ದಾರಿ ಸ್ವಲ್ಪ ಬದಲಾಗುತ್ತದೆ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಪರ್ಮಿಶನ್’ ಎಂದು ಬರೆದರೂ ಸಿಗುತ್ತದೆ. ವಾಟ್ಸ್‌ಆ್ಯಪ್‌ಗೆ ಇದನ್ನು ಬಂದ್ ಮಾಡಿದರೆ ಹೆಸರಿನ ಜಾಗದಲ್ಲಿ ನಂಬರು ಕಾಣಿಸಬಹುದು, ಚಾಟ್ ನಿಲ್ಲುವುದಿಲ್ಲ. ಹೊಸಬರಿಗೆ ಬರೆಯಬೇಕಾದರೆ ಅವರ ನಂಬರನ್ನು ‘ಮೆಸೇಜ್ ಯುವರ್‌ಸೆಲ್ಫ್’ನಲ್ಲಿ ನಿಮಗೇ ಕಳಿಸಿಕೊಂಡು ಅದರ ಮೇಲೆ ಒತ್ತಿದರೆ ಚಾಟ್ ತೆರೆಯುವ ಆಯ್ಕೆ ಬರುತ್ತದೆ. ಮೈಕ್ ಬಂದ್ ಮಾಡಿದರೆ ವಾಯ್ಸ್ ಮೆಸೇಜ್ ಮತ್ತು ಕರೆ ನಿಂತುಹೋಗುತ್ತವೆ. ಅದನ್ನು ‘ಬಳಸುವಾಗ ಮಾತ್ರ’ ಎಂದಿಡಿ. ಎಸ್‌ಎಂಎಸ್ ಯಾವ ಚಾಟ್ ಆ್ಯಪ್‌ಗೂ ಬೇಡ, ಒಟಿಪಿ ಕೈಯಿಂದ ಹಾಕಿದರಾಯಿತು. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲುಗಳು ಬೆನ್ನಟ್ಟುವುದು ಇದೇ ಎಸ್‌ಎಂಎಸ್ ಅನುಮತಿಯನ್ನು. ಒಟಿಪಿ ಓದಿದರೆ ಖಾತೆಯ ಬೀಗ ಅರ್ಧ ತೆರೆದಂತೆ. ಕರೆಯೋಲೆ ಫೋಟೋ ಅಥವಾ ಪಿಡಿಎಫ್ ಆಗಿ ಬರುತ್ತದೆ, ಇನ್‌ಸ್ಟಾಲ್ ಮಾಡು ಎನ್ನುವುದಿಲ್ಲ.

ಪರ್ಮಿಶನ್ ಬಂದ್ ಮಾಡಿದ ಮಾತ್ರಕ್ಕೆ ಮೊದಲೇ ಹೋದ ಪಟ್ಟಿ ವಾಪಸ್ ಬರುವುದಿಲ್ಲ. ಟೆಲಿಗ್ರಾಂನಲ್ಲಿ ಅದನ್ನು ಅಳಿಸಲು ದಾರಿಯಿದೆ: ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅಲ್ಲಿ ‘ಡಿಲೀಟ್ ಸಿಂಕ್ಡ್ ಕಾಂಟ್ಯಾಕ್ಟ್ಸ್’. ಮೊದಲು ಅಲ್ಲೇ ಇರುವ ‘ಸಿಂಕ್ ಕಾಂಟ್ಯಾಕ್ಟ್ಸ್’ ಬಂದ್ ಮಾಡಿ, ಆಮೇಲೆ ಅಳಿಸಿ. ಸಿಂಕ್ ಚಾಲೂ ಇಟ್ಟು ಅಳಿಸಿದರೆ ಪಟ್ಟಿ ಮತ್ತೆ ಮೇಲೆ ಹೋಗುತ್ತದೆ. ಹೊಸ ಫೋನ್ ಕೊಂಡ ದಿನವೂ ಇದೇ ತೊಂದರೆ: ಅಂಗಡಿಯವರೇ ವಾಟ್ಸ್‌ಆ್ಯಪ್ ಹಾಕಿಕೊಟ್ಟು, ಕೇಳಿದ್ದಕ್ಕೆಲ್ಲ ‘ಅಲೌ’ ಒತ್ತಿ ಕೈಗಿಡುವುದು ನಮ್ಮ ಊರುಗಳಲ್ಲಿ ರೂಢಿ. ಆ ಒತ್ತುಗಳನ್ನು ಮಾತ್ರ ಕೌಂಟರಿನ ಈಚೆ ನಿಂತು ನೀವೇ ಒತ್ತಿ. ಕಾಂಟ್ಯಾಕ್ಟ್ ಬಂದಾಗ ‘ಡೋಂಟ್ ಅಲೌ’.