ಬೋರ್ಡೋ ಬ್ಲೆಂಡ್ ಅಂದರೆ ಏನು?

ಅಡಿಕೆ ತೋಟದವರಿಗೆ ಬೋರ್ಡೋ ಅನ್ನೋ ಪದ ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಮೈಲುತುತ್ತ, ಸುಣ್ಣ ಕಲಸಿ ಗೊನೆಗೆ ಹೊಡೆಯುತ್ತೇವಲ್ಲ, ಅದೇ ಬೋರ್ಡೋ. ಆ ಹೆಸರು ಬಂದಿದ್ದು ಫ್ರಾನ್ಸ್‌ನ ನೈರುತ್ಯದಲ್ಲಿರುವ ಬೋರ್ಡೋ ಸೀಮೆಯಿಂದ. 1880ರ ದಶಕದಲ್ಲಿ ಅಲ್ಲಿನ ಬೆಳೆಗಾರರು ದಾರಿ ಬದಿಯ ದ್ರಾಕ್ಷಿಯನ್ನು ಯಾರೂ ಕಿತ್ತು ತಿನ್ನದಿರಲಿ ಅಂತ ಬಳ್ಳಿಗೆ ಇದನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ತಗುಲಿಲ್ಲ ಅನ್ನೋದನ್ನು ಗಮನಿಸಿದವರು ಸಸ್ಯವಿಜ್ಞಾನಿ ಮಿಲಾರ್ಡೆ. ವೈನ್‌ನವರು ಹೇಳುವ ಬೋರ್ಡೋ ಬ್ಲೆಂಡ್ ಅನ್ನೋ ಪದವೂ ಅದೇ ದ್ರಾಕ್ಷಿ ತೋಟಗಳದ್ದು.

ಬ್ಲೆಂಡ್ ಅಂದರೆ ನಮ್ಮ ಕಿವಿಗೆ ಕಲಬೆರಕೆ ಅಂತ ಕೇಳಿಸುತ್ತದೆ, ಅಲ್ವಾ? ಆದರೆ ಇದು ಅಗ್ಗದ್ದನ್ನು ಸೇರಿಸಿ ಜಾಸ್ತಿ ಮಾಡುವ ಕೆಲಸವಲ್ಲ. ಬೋರ್ಡೋದ ಕೆಂಪು ದ್ರಾಕ್ಷಿ ತಳಿಗಳಲ್ಲಿ ಎರಡು ಮೂರನ್ನು ಬೇರೆ ಬೇರೆಯಾಗಿ ವೈನ್ ಮಾಡಿ, ಆಮೇಲೆ ಹದ ನೋಡಿ ಕೂಡಿಸಿದ್ದೇ ಬೋರ್ಡೋ ಬ್ಲೆಂಡ್. ಮುಖ್ಯವಾದವು ಕ್ಯಾಬರ್ನೆ ಸೊವಿನ್ಯಾನ್ ಮತ್ತು ಮೆರ್ಲೊ. ಜೊತೆಗೆ ಕ್ಯಾಬರ್ನೆ ಫ್ರಾಂಕ್, ಕೆಲವೊಮ್ಮೆ ಒಂಚೂರು ಪೆಟಿ ವರ್ಡೊ. ಮಾಲ್ಬೆಕ್, ಕಾರ್ಮೆನೇರ್ ಈಗ ಅಲ್ಲಿ ಅಪರೂಪ.

ಇದನ್ನು ನಾನು ಅಕ್ಕಡಿ ಸಾಲಿಗೆ ಹೋಲಿಸುತ್ತೇನೆ. ರಾಗಿ ಕೈಕೊಟ್ಟರೆ ಅವರೆಯೋ ತೊಗರಿಯೋ ಇರಲಿ ಅಂತ ಸಾಲು ಬಿಡುತ್ತೇವಲ್ಲ, ಹಾಗೆ. ಮೆರ್ಲೊ ಬೇಗ ಚಿಗುರಿ ಬೇಗ ಹಣ್ಣಾಗುತ್ತದೆ. ಹಾಗಾಗಿ ವಸಂತದ ಹಿಮಕ್ಕೆ ಸಿಕ್ಕಿಬೀಳುವ ಭಯ ಅದಕ್ಕೆ ಹೆಚ್ಚು. ಕ್ಯಾಬರ್ನೆ ಸೊವಿನ್ಯಾನ್ ನಿಧಾನ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಪೆಟ್ಟು ಅದಕ್ಕೆ. ನೆಲವೂ ಬೇರೆ. ಜಿರೋಂಡ್ ಅಳಿವೆಯ ಎಡದಂಡೆಯಲ್ಲಿ ನೊರಜುಗಲ್ಲು ಜಾಸ್ತಿ, ನೀರು ನಿಲ್ಲುವುದಿಲ್ಲ, ಬಿಸಿ ಹಿಡಿದಿಡುತ್ತದೆ. ಅಲ್ಲಿ ಕ್ಯಾಬರ್ನೆ ಚೆನ್ನಾಗಿ ಮಾಗುತ್ತದೆ. ಬಲದಂಡೆಯ ತಂಪು ಜೇಡಿಮಣ್ಣಿಗೆ ಮೆರ್ಲೊ ಒಗ್ಗುತ್ತದೆ.

ಒಂದು ಕಪ್ಪು ದ್ರಾಕ್ಷಿಯನ್ನು ಬೆರಳಲ್ಲಿ ಹಿಸುಕಿ ನೋಡಿ. ಒಳಗಿನ ತಿರುಳು ಕೆಂಪಲ್ಲ, ಹಸಿರು ಛಾಯೆಯದು. ಬಣ್ಣ ಇರೋದು ಸಿಪ್ಪೆಯಲ್ಲಿ, ಒಗರು ಇರೋದು ಸಿಪ್ಪೆ ಮತ್ತು ಬೀಜದಲ್ಲಿ. ಅದಕ್ಕೇ ಕೆಂಪು ವೈನ್‌ಗೆ ರಸವನ್ನು ಸಿಪ್ಪೆಯ ಜೊತೆಯೇ ಹುದುಗಿಸುತ್ತಾರೆ. ಸಿಪ್ಪೆ ತೇಲಿ ಮೇಲೆ ದಪ್ಪ ಪದರ ಕಟ್ಟುತ್ತದೆ. ತಳದ ರಸವನ್ನು ಎತ್ತಿ ಅದರ ಮೇಲೆ ಸುರಿಯುತ್ತಾ ಇರುತ್ತಾರೆ. ಕ್ಯಾಬರ್ನೆಯದು ಸಣ್ಣ ಕಾಳು, ದಪ್ಪ ಸಿಪ್ಪೆ. ಅದರ ವೈನ್ ಇನ್ನೂ ಎಳೆಯದಾಗಿರುವಾಗ ನಾಲಿಗೆ ಹಿಡಿಯುವಷ್ಟು ಒಗರು. ಮೆರ್ಲೊ ಮೆದು, ಬಾಯಿ ತುಂಬುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ನನಗೆ ತುಂಬಾ ಇಷ್ಟದ ಹಂತ ಕೂಡಿಸುವುದು. ತಳಿಗೊಂದು, ತಾಕಿಗೊಂದು ಅಂತ ಸಾಲಾಗಿ ಲೋಟಗಳು. ಅಳತೆ ಕೊಳವೆ ಹಿಡಿದು ಇದರಿಂದ ಇಷ್ಟು, ಅದರಿಂದ ಅಷ್ಟು ಅಂತ ಸೇರಿಸಿ, ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಪ್ರತಿ ವರ್ಷ ಪ್ರಮಾಣ ಬದಲು, ಯಾಕೆಂದರೆ ಪ್ರತಿ ವರ್ಷದ ಬಿಸಿಲು ಮಳೆ ಬೇರೆ. ಸಾಂಪ್ರದಾಯಿಕವಾಗಿ ವೈನ್ ಮಾಗುವುದು 225 ಲೀಟರಿನ ಓಕ್ ಪೀಪಾಯಿಗಳಲ್ಲಿ.

ನಮ್ಮ ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ತೋಟದವರು ಮಾಡುವ ಲಾ ರಿಸರ್ವ್ ವೈನ್ ಕೂಡ ಬ್ಲೆಂಡೇ. ಅವರಿಗೆ ಸಲಹೆ ಕೊಟ್ಟ ಮಿಶೆಲ್ ರೋಲಾಂ ಬೋರ್ಡೋದವರು. ಆದರೂ ಅದನ್ನು ಬೋರ್ಡೋ ಬ್ಲೆಂಡ್ ಅನ್ನಲಾಗದು. ಅದರಲ್ಲಿ ಕ್ಯಾಬರ್ನೆಯ ಜೊತೆಗಿರೋದು ಶಿರಾಜ್, ಅದು ಫ್ರಾನ್ಸ್‌ನದೇ ಆದ ರೋನ್ ಕಣಿವೆಯ ಕಡೆಯ ತಳಿ.