ಮಂಜು ಸರಿದ ಗಳಿಗೆ

ಮಳೆಗಾಲದ ಜೋಗದಲ್ಲಿ ಮಂಜು ಕವಿದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಾಯ. ಕೇಳುವುದು ಸದ್ದು ಮಾತ್ರ. ಜನ ಕಂಬಿಗೆ ಆತು ಕಾಯುತ್ತಾರೆ, ಸುಟ್ಟ ಜೋಳ ತಿನ್ನುತ್ತಾರೆ, ಚಿಪ್ಸ್ ಪೊಟ್ಟಣ ಬಿಚ್ಚುತ್ತಾರೆ. ಗಾಳಿ ತಿರುಗಿ, 253 ಮೀಟರ್ ಧುಮುಕುವ ಶರಾವತಿ ಒಮ್ಮೆಗೇ ಎದುರಾದಾಗ ಮಾತು ನಿಲ್ಲುತ್ತದೆ. ಖಾಲಿ ಪೊಟ್ಟಣ ಕಣಿವೆಗೆ ಹಾರುವುದು ಆ ಗಳಿಗೆಯಲ್ಲಿ ಅಲ್ಲ. ಮತ್ತೆ ಮಂಜು ಮುಚ್ಚಿ, ಕಾದು ಕಾದು ಬೇಸರ ಬಂದಮೇಲೆ. ಅದೇ ಮನುಷ್ಯ, ಅದೇ ಪೊಟ್ಟಣ. ಬದಲಾದದ್ದು ಮನಸ್ಸಿನ ಹದ.

ಈ ಬೆರಗನ್ನು ಅಳೆದು ನೋಡಿದವರಿದ್ದಾರೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ನೀಲಗಿರಿ ತೋಪಿನ ಎತ್ತರದ ಮರಗಳನ್ನು ಕೆಲವರು ಒಂದು ನಿಮಿಷ ತಲೆಯೆತ್ತಿ ನೋಡಿದರು; ಉಳಿದವರು ಅಲ್ಲೇ ನಿಂತು ಕಟ್ಟಡ ನೋಡಿದರು. ಆಮೇಲೆ ಬೇಕೆಂದೇ ಪೆನ್ನುಗಳನ್ನು ಕೆಳಗೆ ಚೆಲ್ಲಿದಾಗ, ಮರ ನೋಡಿದವರೇ ಹೆಚ್ಚು ಹೆಕ್ಕಿಕೊಟ್ಟರು. ದೊಡ್ಡದರ ಮುಂದೆ ‘ನಾನು’ ಕುಗ್ಗುತ್ತದೆ. ಆದರೆ ಆ ಭಾವ ಬಹಳ ಹೊತ್ತು ನಿಲ್ಲದು. ಹಾಗಾಗಿ ಕಸದ ಬುಟ್ಟಿ ಟಿಕೆಟ್ ಕೌಂಟರ್ ಬಳಿ ಇದ್ದರೆ ಸಾಲದು. ಕಂಬಿಯಿಂದ ಹತ್ತು ಹೆಜ್ಜೆಯೊಳಗೆ, ಮಂಗ ತೆಗೆಯಲಾಗದ ಮುಚ್ಚಳದೊಂದಿಗೆ ಇರಬೇಕು.

ಬೋರ್ಡು ಬರೆಯುವಾಗಲೇ ಹೆಚ್ಚು ಎಡವುತ್ತೇವೆ. ‘ಎಲ್ಲರೂ ಇಲ್ಲಿ ಕಸ ಎಸೆದು ಹೋಗುತ್ತಿದ್ದಾರೆ’ ಎಂದು ನೊಂದು ಬರೆದದ್ದು, ಓದುವವನಿಗೆ ‘ಎಲ್ಲರೂ ಎಸೆಯುತ್ತಾರಲ್ಲ’ ಎಂಬ ಸಮಾಧಾನವಾಗುತ್ತದೆ. ಅಮೆರಿಕದ ಅರಿಜೋನಾದ ಶಿಲೀಕೃತ (ಕಲ್ಲಾಗಿ ಹೋದ) ಮರಗಳ ರಾಷ್ಟ್ರೀಯ ಉದ್ಯಾನದಲ್ಲಿ ಇದನ್ನು ಪರೀಕ್ಷಿಸಿದ್ದರು. ಗುರುತು ಹಾಕಿದ ಚೂರುಗಳನ್ನು ದಾರಿಯಲ್ಲಿಟ್ಟು, ‘ಹಿಂದೆ ಬಂದ ಅನೇಕರು ಒಯ್ದಿದ್ದಾರೆ’ ಎಂಬ ಫಲಕ ಹಾಕಿದಾಗ ಸುಮಾರು 8% ಚೂರು ಕಳುವಾದವು. ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಇದ್ದಾಗ 2%ಕ್ಕೂ ಕಡಿಮೆ. ಬೈಗುಳವೂ ಹಾಗೆಯೇ: ರಜೆಗೆ ಬಂದವರನ್ನು ಗದರಿದರೆ ನಾಚಿಕೆಗಿಂತ ಹಟ ಮುಂದೆ ಬರುತ್ತದೆ.

ಹೋಮ್‌ಸ್ಟೇಗಳಿಗೂ ಇಲ್ಲೊಂದು ಪಾಠವಿದೆ. 2008ರಲ್ಲಿ ಪ್ರಕಟವಾದ ಹೋಟೆಲ್ ಪ್ರಯೋಗದಲ್ಲಿ ‘ಪರಿಸರ ಉಳಿಸಿ’ ಎಂಬ ಚೀಟಿಗೆ ಸುಮಾರು 35% ಅತಿಥಿಗಳು ಟವೆಲ್ಲನ್ನು ಮತ್ತೆ ಬಳಸಿದರು. ‘ಬಹಳಷ್ಟು ಅತಿಥಿಗಳು ಮತ್ತೆ ಬಳಸುತ್ತಾರೆ’ ಎಂಬುದಕ್ಕೆ 44%. ಆದರೆ ಮಲೆನಾಡಿನ ಜುಲೈಯಲ್ಲಿ ಟವೆಲ್ಲು ಒಣಗುವುದೇ ಇಲ್ಲ. ಮುಗ್ಗಲು ವಾಸನೆಯ ಬಟ್ಟೆ ಕೈಗೆ ಬಂದರೆ ಯಾವ ಚೀಟಿಯೂ ಅಸಹ್ಯವನ್ನು ಗೆಲ್ಲದು. ಚೀಟಿಗಿಂತ ಮೊದಲು ಬಚ್ಚಲೊಲೆಯ ಪಕ್ಕ ಒಂದು ಹಗ್ಗ ಕಟ್ಟಬೇಕು.

ಒಳ್ಳೆಯ ಭಾವವೆಲ್ಲ ಒಳ್ಳೆಯ ಕೆಲಸ ಮಾಡಿಸುತ್ತದೆ ಎನ್ನುವಂತಿಲ್ಲ. ಆಗುಂಬೆ ಘಾಟಿಯಲ್ಲಿ ಕಾರು ನಿಲ್ಲಿಸಿ ಮಂಗಕ್ಕೆ ಬಾಳೆಹಣ್ಣು ಕೊಡಿಸುವುದು ಪ್ರೀತಿಯೇ. ಆ ಪ್ರೀತಿ ಮಂಗವನ್ನು ಕಾಡಿನಿಂದ ತಿರುವಿಗೆ ಎಳೆದು ತರುತ್ತದೆ, ಚಕ್ರದಡಿಗೆ ದೂಡುತ್ತದೆ. ಅಲ್ಲಿ ‘ದೂರದಿಂದ ನೋಡುವುದೇ ಪ್ರೀತಿ’ ಎಂದು ಮಗುವಿಗೆ ಹೇಳಿಕೊಡುವ ಅಪ್ಪ ಅಮ್ಮ ಬೇಕು.

ನಮಗೆ ಹೆಚ್ಚು ಭರವಸೆ ಹುಟ್ಟಿಸುವುದು ಹೆಮ್ಮೆ. ಕೊಡಚಾದ್ರಿಯ ಸರ್ವಜ್ಞಪೀಠದ ಬಳಿ ಬುಟ್ಟಿಯಿಟ್ಟರೆ ಅದು ತುಂಬಿ ತುಳುಕಿ, ಕಸ ಗಾಳಿಗೆ ಶೋಲಾ ಕಾಡು ಸೇರುತ್ತದೆ. ಬದಲಿಗೆ ಜೀಪು ಹತ್ತುವಾಗಲೇ ಜೀಪಿಗೊಂದು ಬಟ್ಟೆಚೀಲ ಕೊಟ್ಟು, ಒಬ್ಬರ ಹೆಸರು ಬರೆದುಕೊಳ್ಳಬೇಕು. ಇಳಿದಾಗ ಆ ಹೆಸರು ಹಿಡಿದು ಕರೆದು, ಚೀಲವನ್ನು ಎಲ್ಲರೆದುರು ತೂಗಿ, ತೂಕವನ್ನು ಹಲಗೆಯ ಮೇಲೆ ಬರೆಯಬೇಕು.