ಮೆಹರ್: ಕಾಜಾರ್ ಕಾಲದ ಇರಾನಿನಲ್ಲಿ ಹೆಂಡತಿಗೆ ನೆಲ ಸಿಕ್ಕ ದಾರಿ

ನಿಕಾಹ್ ಒಪ್ಪಂದದಲ್ಲಿ ಗಂಡು ಹೆಣ್ಣಿಗೆ ಕೊಡಲು ಒಪ್ಪಿಕೊಳ್ಳುವ ಹಣ ಅಥವಾ ಸ್ವತ್ತಿಗೆ ಮೆಹರ್ ಎಂದು ಹೆಸರು. ನಿಘಂಟಿಗೆ ಇಷ್ಟು ಸಾಕು. ಆದರೆ ಕಾಜಾರ್ ದೊರೆಗಳು ಆಳುತ್ತಿದ್ದ 19ನೇ ಶತಮಾನದ ಇರಾನಿನಲ್ಲಿ ಮೆಹರ್ ಯಾಕೆ ಅಷ್ಟು ಗಟ್ಟಿಯಾಗಿ ಕುಳಿತಿತ್ತು ಎಂಬುದು ತಿಳಿಯಬೇಕಾದರೆ ಅಲ್ಲಿನ ಆಸ್ತಿ ಹಂಚಿಕೆಯ ನಿಯಮವನ್ನೂ ಜೊತೆಗಿಟ್ಟು ಓದಬೇಕು.

ಮದುವೆಯಲ್ಲಿ ಕೈಬದಲಾಗುತ್ತಿದ್ದ ಸಂಪತ್ತು ಮೂರು ಬಗೆಯದು. ಗಂಡಿನ ಕಡೆಯವರು ಹೆಣ್ಣಿನ ತಾಯ್ತಂದೆಯರಿಗೆ ಕೊಡುತ್ತಿದ್ದದ್ದು ಶೀರ್‌ಬಹಾ, ಅಂದರೆ ಕುಡಿಸಿದ ಹಾಲಿನ ಬೆಲೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಇದ್ದ ತೆರಕ್ಕೆ ಇದು ಹತ್ತಿರ. ತವರಿನಿಂದ ಹೆಣ್ಣಿನ ಜೊತೆ ಬರುತ್ತಿದ್ದ ಹಾಸಿಗೆ, ಜಮಖಾನ, ತಾಮ್ರದ ಪಾತ್ರೆ, ಬಟ್ಟೆಬರೆಗಳು ಜಹೇಜ್, ನಮ್ಮ ಬಳುವಳಿಯಂಥದ್ದು. ಒಂದೊಂದು ವಸ್ತುವನ್ನೂ ಪಟ್ಟಿ ಬರೆದು ಸಾಕ್ಷಿ ಹಾಕಿಸುತ್ತಿದ್ದರು, ಏಕೆಂದರೆ ಅದು ಕೊನೆಯವರೆಗೂ ಹೆಂಡತಿಯ ಸ್ವತ್ತು; ಗಂಡ ಬಳಸಬಹುದು, ಮಾರುವಂತಿಲ್ಲ. ಶೀರ್‌ಬಹಾದ ಹಣ ಎಷ್ಟೋ ಮನೆಗಳಲ್ಲಿ ಈ ಸಾಮಾನು ಕೊಳ್ಳುವುದಕ್ಕೇ ಖರ್ಚಾಗುತ್ತಿತ್ತು. ಮೂರನೆಯದಾದ ಮೆಹರ್ ಮಾತ್ರ ನೇರವಾಗಿ ವಧುವಿಗೆ ಸೇರಬೇಕಾದದ್ದು.

ಸ್ಥಿತಿವಂತರ ಮನೆಯ ನಿಕಾಹ್ ಪತ್ರಗಳು ನೋಡಲು ಚೆಂದ. ಮೇಲ್ಭಾಗದಲ್ಲಿ ಚಿನ್ನ ಮತ್ತು ನೀಲಿ ಬಣ್ಣದ ಚಿತ್ತಾರ, ದೇವರ ಸ್ತುತಿ, ಮದುವೆಯ ಮಹಿಮೆ, ವಧೂವರರ ಉದ್ದುದ್ದ ಬಿರುದುಗಳು. ಅಲಂಕಾರವೆಲ್ಲ ಮುಗಿದ ಮೇಲೆ ಬರುವುದು ಅಪ್ಪಟ ಲೆಕ್ಕ: ಒಂದು ಕುರಾನ್ ಪ್ರತಿ, ಕನ್ನಡಿ ಮತ್ತು ಜೋಡಿ ದೀಪಸ್ತಂಭ, ಇಷ್ಟು ತೊಮಾನ್ ನಗದು, ಇಂಥ ಊರಿನ ತೋಟದಲ್ಲಿ ಇಷ್ಟು ದಾಂಗ್. ಅಲ್ಲಿ ಯಾವುದೇ ಸ್ಥಿರಾಸ್ತಿಯನ್ನು ಆರು ದಾಂಗ್ ಎಂದು ಎಣಿಸುತ್ತಾರೆ. ಮೂರು ದಾಂಗ್ ಎಂದರೆ ಅರ್ಧ ಆಸ್ತಿ. ನೆಲದಡಿಯ ಕಾಲುವೆಯಾದ ಕನಾತ್‌ನ ನೀರಿನ ಪಾಲನ್ನೂ ಮೆಹರ್‌ಗೆ ಬರೆಯಬಹುದಿತ್ತು. ಆ ಒಣನಾಡಿನಲ್ಲಿ ನೀರಿಲ್ಲದ ನೆಲ ಕಟ್ಟಿಕೊಂಡು ಯಾರು ಏನು ಮಾಡಬೇಕು? ಕೆಳಗೆ ಧರ್ಮಶಾಸ್ತ್ರಜ್ಞರ ಮತ್ತು ಸಾಕ್ಷಿಗಳ ಮುದ್ರೆಗಳು. ಮದುವೆಯನ್ನು ಸರ್ಕಾರದಲ್ಲಿ ನೋಂದಾಯಿಸುವ ಕಾನೂನು ಬಂದದ್ದು 1931ರಲ್ಲಿ. ಅಲ್ಲಿಯವರೆಗೆ ಈ ಹಾಳೆಯೇ ದಾಖಲೆ.

ಈಗ ಆಸ್ತಿ ಹಂಚಿಕೆಗೆ ಬರೋಣ. ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಗಂಡ ಸತ್ತರೆ, ಅವನಿಗೆ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಪಾಲು, ಇಲ್ಲದಿದ್ದರೆ ನಾಲ್ಕನೇ ಒಂದು. ಹೆಂಡತಿಯರು ಹಲವರಿದ್ದರೆ ಅಷ್ಟನ್ನೇ ಹಂಚಿಕೊಳ್ಳಬೇಕು. ಇರಾನಿನ ಶಿಯಾ ಪದ್ಧತಿಗೆ ಇನ್ನೆರಡು ವೈಶಿಷ್ಟ್ಯಗಳಿವೆ. ಗಂಡುಮಕ್ಕಳಿಲ್ಲದವನ ಆಸ್ತಿಯಲ್ಲಿ ಮಗಳಿದ್ದಾಗ ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಪಾಲಿಲ್ಲ. ಆಸ್ತಿ ಹೊರಗೆ ಹೋಗದಿರಲಿ ಎಂದು ಅಣ್ಣತಮ್ಮಂದಿರ ಮಕ್ಕಳೊಳಗೇ ಮದುವೆ ಮಾಡುವ ಉತ್ಸಾಹಕ್ಕೆ ಇದೂ ಒಂದು ಕಾರಣ. ಎರಡನೆಯದು ಹೆಂಡತಿಯ ಪಾಲಿಗೆ ಕಠಿಣವಾದದ್ದು: ಬಹುಪಾಲು ಶಾಸ್ತ್ರಜ್ಞರ ಪ್ರಕಾರ ವಿಧವೆಗೆ ಗಂಡನ ನೆಲದಲ್ಲಿ ಹಕ್ಕಿಲ್ಲ. ಕಟ್ಟಡ ಮತ್ತು ಮರಗಳ ಬೆಲೆಯಲ್ಲಿ, ಚರಾಸ್ತಿಯಲ್ಲಿ ಮಾತ್ರ ಪಾಲು.

ಮೆಹರ್‌ನ ಬಲ ಇಲ್ಲಿದೆ. ಅದು ಗಂಡನ ಮೇಲಿನ ಸಾಲ, ಹೆಂಡತಿ ಕೇಳಿದಾಗ ತೀರಿಸಬೇಕಾದದ್ದು. ಅವನು ತೀರಿಸದೆ ಸತ್ತರೆ, ವಾರಸುದಾರರು ಪಾಲು ಮಾಡಿಕೊಳ್ಳುವ ಮೊದಲು ಆ ಸಾಲ ತೀರಬೇಕು. ತೋಟದ ಎರಡು ದಾಂಗ್ ಮೆಹರ್ ಪತ್ರದಲ್ಲಿ ಬರೆದಿದ್ದರೆ, ವಾರಸುದಾರಿಕೆ ಕೊಡದ ನೆಲ ಅವಳಿಗೆ ಸಾಲದ ರೂಪದಲ್ಲಿ ಸಿಕ್ಕಿತು. ಮಗಳ ಪರವಾಗಿ ಮಾತಿಗೆ ಕುಳಿತ ತಂದೆ ಹಣಕ್ಕಿಂತ ಜಮೀನಿಗೆ ಪಟ್ಟು ಹಿಡಿದರೆ ಅದನ್ನು ದುರಾಸೆ ಎನ್ನಲಾಗದು.

ಕಾಗದದ ಹಕ್ಕೆಲ್ಲ ಕೈಗೆ ಬಂತು ಎಂದಲ್ಲ. ‘ಯಾರು ಕೊಟ್ಟರು, ಯಾರು ತೆಗೆದುಕೊಂಡರು’ ಎಂದು ಮೆಹರ್ ಬಗ್ಗೆ ಇರಾನಿಯರೇ ತಮಾಷೆ ಮಾಡುತ್ತಾರೆ. ಬಿಡುಗಡೆ ಬೇಕೆಂದ ಹೆಣ್ಣು ಮೆಹರ್ ಬಿಟ್ಟುಕೊಟ್ಟು ವಿಚ್ಛೇದನ ಪಡೆಯುತ್ತಿದ್ದಳು. ‘ಮೆಹರಂ ಹಲಾಲ್, ಜಾನಂ ಆಜಾದ್’, ಮೆಹರ್ ನಿನಗಿರಲಿ, ನನ್ನ ಜೀವ ನನಗಿರಲಿ ಎಂಬ ಮಾತು ಅಲ್ಲಿಂದ ಬಂದದ್ದು. ಗಂಡ ತಾನಾಗಿ ತಲಾಖ್ ಕೊಟ್ಟರೆ ಪೂರ್ತಿ ತೆರಬೇಕಿದ್ದುದರಿಂದ, ಅವಳಾಗಿಯೇ ಬೇಡವೆನ್ನುವಂತೆ ಪೀಡಿಸುವುದು ಅವನಿಗೆ ಲಾಭದ ದಾರಿಯೂ ಆಗಿತ್ತು.

ಗೊತ್ತುಪಡಿಸಿದ ಕಾಲಕ್ಕಷ್ಟೇ ಮಾಡಿಕೊಳ್ಳುವ ಸೀಘೆ ಎಂಬ ಅವಧಿ ಮದುವೆಯಲ್ಲೂ ಮೆಹರ್ ಕಡ್ಡಾಯ. ಅವಧಿಯನ್ನೂ ಮೆಹರನ್ನೂ ಮೊದಲೇ ಹೇಳಬೇಕು. ಅಂಥ ಹೆಂಡತಿಗೆ ಗಂಡನ ಆಸ್ತಿಯಲ್ಲಿ ತಾನಾಗಿ ಪಾಲು ಬರುವುದಿಲ್ಲ, ಅವಳ ಮಕ್ಕಳಿಗೆ ಮಾತ್ರ ಉಳಿದ ಮಕ್ಕಳಷ್ಟೇ ಹಕ್ಕು. ಸಿಂಹಾಸನದ ಲೆಕ್ಕವೇ ಬೇರೆ. ಕಾಜಾರ್ ದೊರೆ ನಾಸಿರುದ್ದೀನ್ ಶಾನ ಮಗ ಜಿಲ್ಲೆಸುಲ್ತಾನ್ ವಯಸ್ಸಿನಲ್ಲಿ ಹಿರಿಯನಾದರೂ ತಾಯಿ ಕಾಜಾರ್ ಕುಲದವಳಲ್ಲವೆಂದು ಬದಿಗೆ ಸರಿದ. ಪಟ್ಟ ಹೋದದ್ದು ಕಾಜಾರ್ ರಾಜಕುಮಾರಿಯ ಮಗನಾದ ಮುಜಫ್ಫರುದ್ದೀನನಿಗೆ.

ವಿಧವೆಯನ್ನು ನೆಲದಿಂದ ದೂರವಿಟ್ಟ ನಿಯಮ 20ನೇ ಶತಮಾನದ ಇರಾನಿ ನಾಗರಿಕ ಸಂಹಿತೆಗೂ ಸೇರಿತು. 2009ರ ತಿದ್ದುಪಡಿಯ ನಂತರ ಅವಳಿಗೆ ಜಮೀನಿನ ಬೆಲೆಯಲ್ಲಿ ಪಾಲುಂಟು, ಜಮೀನಿನಲ್ಲಿ ಇಲ್ಲ.